ಚಂದ್ರನ ಮೇಲೆ ಮನೆ ಕಟ್ಟುವ ಮೊದಲು ದೂಳಿನ ಮಾತಾಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಚಂದ್ರನ ಮೇಲಿನ ವಸತಿ ಬಗ್ಗೆ ಪುಟವಿಡೀ ಲೇಖನ ಬಂದಿತ್ತು. ರಾಕೆಟ್ಟಿನ ಎತ್ತರ, ದಕ್ಷಿಣ ಧ್ರುವದ ಮಂಜುಗಡ್ಡೆ, ಕರೆಂಟು, ತರಕಾರಿ ಬೆಳೆ, ಎಲ್ಲ ಇತ್ತು. ದೂಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಕ್ಕದ ಚಿತ್ರದಲ್ಲಿ ಇಬ್ಬರು ಗಗನಯಾತ್ರಿಗಳು ಹೊರಗಿನಿಂದ ನೇರವಾಗಿ ಮನೆಯೊಳಕ್ಕೆ ಕಾಲಿಡುತ್ತಿದ್ದರು, ಸೂಟಿನ ಮೇಲೆ ಒಂದು ಕಲೆಯೂ ಇಲ್ಲ, ನೆಲ ಪಳಪಳ. ಅಮೆರಿಕದವರು ಜನರನ್ನು ಚಂದ್ರನಿಗೆ ಕಳಿಸಿದ ಅಪೊಲೊ ಯಾನಗಳ ಪೈಕಿ ಅಪೊಲೊ 17ರಲ್ಲಿ ಗಗನಯಾತ್ರಿ ಯೂಜೀನ್ ಸರ್ನನ್ ಹೊರಗೆ ಓಡಾಡಿ ಬಂದು ನೌಕೆಯೊಳಗೆ ಕೂತಾಗ ತೆಗೆದ ಫೋಟೊ ಒಂದಿದೆ, ಒಮ್ಮೆ ಹುಡುಕಿ ನೋಡಿ. ಒಳಉಡುಪು, ಕುತ್ತಿಗೆ, ಕೆನ್ನೆ ಎಲ್ಲ ಕಡೆ ಬೂದು ಬಣ್ಣದ ಮಸಿ. ಆ ಮನುಷ್ಯ ಸೂಟಿನೊಳಗೇ ಇದ್ದದ್ದು, ಸೂಟಿಗೆ ರಂಧ್ರವೇನೂ ಇರಲಿಲ್ಲ. ಸೂಟು ಬಿಚ್ಚಿದ ಮೇಲೆ ಹತ್ತಿದ ದೂಳು ಅದು.

ನಾನು ವಿಜ್ಞಾನಿಯಲ್ಲ, ಈ ವಿಷಯ ಬಿಡದೆ ಓದುವವನು ಅಷ್ಟೇ. ನನಗನಿಸುವುದು ಇಷ್ಟು: ಚಂದ್ರನ ಮೇಲೆ ಹೋಗಿ ಇಳಿಯೋದು ಒಂದು ಕೆಲಸ, ಅಲ್ಲಿ ತಿಂಗಳುಗಟ್ಟಲೆ ಬದುಕೋದು ಬೇರೆಯದೇ ಕೆಲಸ. ಮೊದಲನೆಯದರ ಕಷ್ಟ ಎಂಜಿನ್ನಿನಲ್ಲಿದೆ. ಎರಡನೆಯದರ ಕಷ್ಟ ಬಾಗಿಲಲ್ಲಿ, ಸೂಟಿನ ಕೀಲಿನಲ್ಲಿ, ಫಿಲ್ಟರಿನಲ್ಲಿ ಇದೆ. ಮೊದಲನೆಯದರ ಬಗ್ಗೆ ಮಾತ್ರ ಬರೆಯುತ್ತಾ ಹೋದರೆ ಓದುಗರಿಗೆ ಅರ್ಧ ಕಥೆ ಗೊತ್ತಾದಂತಾಗುತ್ತದೆ.

ಮೊದಲು ಈ ದೂಳು ಎಂಥದ್ದು ಅಂತ ಹೇಳಬೇಕು. ಭೂಮಿಯಲ್ಲಿ ಗಾಳಿ, ನೀರು ಸೇರಿ ಕಣಗಳನ್ನು ಉರುಳಿಸಿ ಉರುಳಿಸಿ ಅಂಚು ಸವೆಸುತ್ತವೆ. ಚಂದ್ರನ ಮೇಲೆ ಎರಡೂ ಇಲ್ಲ. ಅಲ್ಲಿರೋದು ಸಣ್ಣ ಸಣ್ಣ ಉಲ್ಕೆಗಳ ಹೊಡೆತ, ಅದೂ ಕೋಟ್ಯಂತರ ವರ್ಷಗಳಿಂದ. ಹೊಡೆತಕ್ಕೆ ಬಂಡೆ ಪುಡಿಯಾಗುತ್ತದೆ, ಆ ಶಾಖಕ್ಕೆ ಒಂದಿಷ್ಟು ಕರಗಿ ಗಾಜಾಗಿ ಪಕ್ಕದ ಪುಡಿಯನ್ನು ಅಂಟಿಸಿಕೊಳ್ಳುತ್ತದೆ, ಆಮೇಲೆ ಇನ್ನೊಂದು ಉಲ್ಕೆ ಬಂದು ಅದನ್ನೂ ಒಡೆಯುತ್ತದೆ. ಕೊನೆಗೆ ಉಳಿಯೋದು ಮೊನೆ, ಕೊಕ್ಕೆ, ಚೂಪು ಅಂಚು ಇರುವ ಕಣ. ಸರಾಸರಿ ಗಾತ್ರ ಸುಮಾರು 70 ಮೈಕ್ರಾನ್, ಹೆಚ್ಚುಕಮ್ಮಿ ಒಂದು ಕೂದಲೆಳೆಯ ದಪ್ಪ. ತೂಕದಲ್ಲಿ ಸುಮಾರು ಐದನೇ ಒಂದು ಭಾಗ 20 ಮೈಕ್ರಾನಿಗಿಂತಲೂ ಸಣ್ಣದು. ಅಷ್ಟು ಸಾಲದು ಅಂತ ಸೂರ್ಯನ ಅತಿನೇರಳೆ ಕಿರಣ ಬಿದ್ದಾಗ ಕಣಗಳಿಂದ ಎಲೆಕ್ಟ್ರಾನ್ ಹಾರಿಹೋಗಿ ಅವಕ್ಕೆ ವಿದ್ಯುತ್ ಆವೇಶ ಬರುತ್ತದೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಗೆ ಕಾಗದದ ಚೂರು ಹತ್ತಿಕೊಳ್ಳುವ ಹಾಗೆ ಈ ಕಣಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಇಲ್ಲಿ ಗಾಳಿಯ ತೇವಕ್ಕೆ ಆ ಆವೇಶ ಬೇಗ ಇಳಿದುಹೋಗುತ್ತದೆ. ಅಲ್ಲಿ ತೇವ ಎಲ್ಲಿಂದ ಬರಬೇಕು? ಕೊಡವಿದರೆ ಸುಲಭಕ್ಕೆ ಬೀಳೋದಿಲ್ಲ, ಒರೆಸಿದರೆ ಬಟ್ಟೆಯ ಎಳೆಯೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಇದೆಲ್ಲ ಸುಮ್ನೆ ಹೆದರಿಸೋ ಮಾತಲ್ಲ. 1969ರ ನವೆಂಬರಿನ ಅಪೊಲೊ 12 ತೆಗೆದುಕೊಳ್ಳಿ. ಪೀಟ್ ಕಾನ್ರಾಡ್, ಅಲನ್ ಬೀನ್ ಇಬ್ಬರೂ ಹೊರಗೆ ನಡೆದದ್ದು ಎರಡೇ ಸಲ. ಕಾನ್ರಾಡರ ಸೂಟು ಹೊರಡುವಾಗ ಬಿಗಿಯಾಗಿತ್ತು. ಮೊದಲ ನಡಿಗೆ ಮುಗಿದ ಮೇಲೆ ಪರೀಕ್ಷಿಸಿದಾಗ ಸೂಟಿನ ಒತ್ತಡ ನಿಮಿಷಕ್ಕೆ 0.15 ಪಿಎಸ್‌ಐ (ಒತ್ತಡ ಅಳೆಯುವ ಮಾನ) ಸೋರುತ್ತಿತ್ತು, ಎರಡನೆಯದು ಮುಗಿದ ಮೇಲೆ 0.25. ಸುರಕ್ಷಿತ ಅಂತ ಇಟ್ಟುಕೊಂಡಿದ್ದ ಮಿತಿ 0.30. ಮೂರನೇ ನಡಿಗೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ. ಬೂಟಿಗಿಂತ ಸ್ವಲ್ಪ ಮೇಲೆ ಸೂಟಿನ ಹೊರಪದರ ಸವೆದು ಒಳಗಿನ ಶಾಖನಿರೋಧಕ ಪದರದವರೆಗೂ ಹೋಗಿತ್ತು. ವಾಪಸು ಹೊರಟು ತೂಕವಿಲ್ಲದ ಸ್ಥಿತಿಗೆ ಬಂದ ಕೂಡಲೇ ನೆಲದಲ್ಲಿ ಬಿದ್ದಿದ್ದ ದೂಳೆಲ್ಲ ಎದ್ದು ತೇಲಾಡತೊಡಗಿತು, ಹೆಲ್ಮೆಟ್ ತೆಗೆದರೆ ಉಸಿರಾಡೋದೇ ಕಷ್ಟ, ಕಣ್ಣಿಗೂ ತೊಂದರೆ. ಕಕ್ಷೆಯಲ್ಲಿ ಕಾಯುತ್ತಿದ್ದ ಡಿಕ್ ಗಾರ್ಡನ್, ಎರಡೂ ನೌಕೆ ಸೇರಿದ ಮೇಲೆ ನಡುವಿನ ಬಾಗಿಲು ತೆಗೆದು ಇವರ ಅವತಾರ ನೋಡಿ, ಹೀಗೆ ಒಳಗೆ ಬರೋದು ಬೇಡವೇ ಬೇಡ ಅಂದುಬಿಟ್ಟರು. ಇಬ್ಬರೂ ಮೈಮೇಲಿನದ್ದೆಲ್ಲ ಕಳಚಿ ದಾಟಿಬಂದರು. ಓದಿದರೆ ನಗು ಬರುತ್ತದೆ. ಆದರೆ ಗಾರ್ಡನ್ ಅವತ್ತು ಮಾಡಿದ್ದೇ ಸರಿಯಾದ ಕ್ರಮ ಅಂತ ನನಗನಿಸುತ್ತದೆ: ಕೊಳೆಯಾದ ಜಾಗ ಬೇರೆ, ಬದುಕುವ ಜಾಗ ಬೇರೆ.

1972ರ ಡಿಸೆಂಬರಿನ ಅಪೊಲೊ 17ರ ಕಥೆ ಇನ್ನೂ ಉದ್ದ. ಅದರಲ್ಲಿ ಒಂದು ಪ್ರಸಂಗ ಮಾತ್ರ ಹೇಳುತ್ತೇನೆ. ಸರ್ನನ್ ಅವರ ಸೂಟಿನ ಜೇಬಿನಲ್ಲಿದ್ದ ಸುತ್ತಿಗೆ ತಾಗಿ, ಚಂದ್ರನ ಮೇಲೆ ಓಡಾಡಲು ಒಯ್ದಿದ್ದ ಗಾಡಿಯ ಹಿಂದಿನ ಬಲಚಕ್ರದ ಮಡ್‌ಗಾರ್ಡು ಮುರಿಯಿತು. ಮಡ್‌ಗಾರ್ಡು ಹೋದರೆ ಏನು ಮಹಾ ಅನಿಸಬಹುದು. ಅಲ್ಲಿ ತಡೆಯೋಕೆ ಗಾಳಿಯಿಲ್ಲ, ಎಳೆಯೋಕೆ ಗುರುತ್ವ ಆರನೇ ಒಂದು ಭಾಗ, ಚಕ್ರ ಎರಚಿದ ದೂಳು ಕಮಾನಿನಂತೆ ಎದ್ದು ಬಂದು ನೇರ ಗಾಡಿಯ ಮೇಲೆ, ಉಪಕರಣಗಳ ಮೇಲೆ, ಕೂತವರ ಮೇಲೆ ಬೀಳುತ್ತದೆ. ಟೇಪು ಹಾಕಿ ಅಂಟಿಸಲು ನೋಡಿದರು. ಟೇಪಿನ ಅಂಟಿಗೆ ಮೊದಲು ಸಿಕ್ಕಿದ್ದು ದೂಳು, ಸ್ವಲ್ಪ ಹೊತ್ತಿಗೆ ಅದು ಕಳಚಿಬಿತ್ತು. ಮಾರನೆಯ ದಿನ ಹೊರಡುವ ಮುಂಚೆ, ಭೂಮಿಯಿಂದ ಬಂದ ಸೂಚನೆಯಂತೆ, ನಾಲ್ಕು ನಕಾಶೆಗಳನ್ನು ನೌಕೆಯೊಳಗೇ ಒಂದಕ್ಕೊಂದು ಟೇಪು ಮಾಡಿ, ನೌಕೆಯಲ್ಲಿದ್ದ ದೀಪದ ಕ್ಲ್ಯಾಂಪುಗಳನ್ನು ಬಿಚ್ಚಿ ತಂದು ಗಾಡಿಗೆ ಸಿಕ್ಕಿಸಿದರು. ಅಷ್ಟು ದೊಡ್ಡ ಯೋಜನೆಯ ಕೊನೆಯ ಯಾನದಲ್ಲಿ ಇಬ್ಬರು ಮಡ್‌ಗಾರ್ಡು ರಿಪೇರಿಗೆ ಕೂರಬೇಕಾಯಿತು, ದೂಳು ಅಂದರೆ ಇದು.

ಅದೇ ಯಾನದಲ್ಲಿ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರ ಹೆಲ್ಮೆಟ್ಟಿನ ಬಿಸಿಲು ಪರದೆ ಎಷ್ಟು ಗೀಚಿಹೋಗಿತ್ತೆಂದರೆ ಕೆಲವು ದಿಕ್ಕಿಗೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕೊರೆಯುವ ಕೆಲಸಕ್ಕೆ ಹಾಕಿಕೊಳ್ಳುವ ಮೇಲುಗವಸು ಎರಡೇ ಸಲದ ಕೆಲಸಕ್ಕೆ ತೂತಾಯಿತು. ಅಪೊಲೊ ಯಾನಗಳಲ್ಲಿ ಕಲ್ಲು ಮಣ್ಣು ತುಂಬಿದ ಪೆಟ್ಟಿಗೆಗಳನ್ನು ಗಾಳಿ ಹೋಗದಂತೆ ಮುಚ್ಚಬೇಕಿತ್ತು, ಕೆಲವದರ ಅಂಚಿನಲ್ಲಿ ದೂಳು ಕೂತು ಸೀಲು ಹಿಡಿಯಲೇ ಇಲ್ಲ. ವಾಪಸು ಬಂದ ಮೇಲೆ ಸರ್ನನ್ ಹೇಳಿದ ಮಾತಿನ ತಾತ್ಪರ್ಯ: ಚಂದ್ರನ ಮೇಲೆ ಕೆಲಸ ಮಾಡೋಕೆ ಇರುವ ಬೇರೆ ಅಡ್ಡಿಗಳನ್ನೆಲ್ಲ ದಾಟಬಹುದು, ದೂಳು ಮಾತ್ರ ಕಷ್ಟ.

ಈಗ ನನ್ನ ಮುಖ್ಯ ವಿಷಯ. ಇವರೆಲ್ಲ ಅಲ್ಲಿ ಇದ್ದದ್ದು ಎಷ್ಟು ಹೊತ್ತು? ಎಲ್ಲರಿಗಿಂತ ಜಾಸ್ತಿ ಇದ್ದ ಅಪೊಲೊ 17ರವರು ಸುಮಾರು 75 ಗಂಟೆ. ಹೊರಗೆ ನಡೆದದ್ದು ಮೂರು ಸಲ, ಒಟ್ಟು 22 ಗಂಟೆ. ಅಷ್ಟಕ್ಕೇ ಸೂಟಿನ ಸ್ಥಿತಿ ಹಾಗಾಯಿತು, ಆಮೇಲೆ ಆ ಸೂಟು ಮತ್ತೆ ಯಾರೂ ಹಾಕಿಕೊಳ್ಳಬೇಕಾಗಿರಲಿಲ್ಲ. ಈಗ ಹೇಳುತ್ತಿರುವುದು ವಾರ, ತಿಂಗಳುಗಟ್ಟಲೆ ಇರುವ ವಸತಿ. ಅಮೆರಿಕದ ಆರ್ಟೆಮಿಸ್ ಚಂದ್ರಯೋಜನೆ ಇದೆ, 2030ರೊಳಗೆ ಜನರನ್ನು ಇಳಿಸುತ್ತೇವೆ ಅನ್ನುವ ಚೀನಾ ಇದೆ, 2040ರ ಗುರಿ ಇಟ್ಟುಕೊಂಡ ಭಾರತ ಇದೆ. ಅಲ್ಲಿ ಒಂದೇ ಸೂಟು ಹತ್ತಾರು ಸಲ, ನೂರಾರು ಗಂಟೆ ಕೆಲಸ ಮಾಡಬೇಕು, ಕೈಗವಸಿನ ಉಂಗುರವನ್ನು ಪ್ರತಿ ಸಲ ಬಿಚ್ಚಿ ಹಾಕಬೇಕು, ಪ್ರತಿ ಸಲವೂ ಸೀಲು ಹಿಡಿಯಬೇಕು.

ಸೂಟಿನೊಳಗೆ ಎಷ್ಟು ಸಣ್ಣ ಕಸ ಎಷ್ಟು ದೊಡ್ಡ ಅಪಾಯ ತರಬಹುದು ಅನ್ನೋದಕ್ಕೆ ಚಂದ್ರನವರೆಗೂ ಹೋಗಬೇಕಿಲ್ಲ. 2013ರ ಜುಲೈನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸಕ್ಕಿಳಿದಿದ್ದ ಇಟಲಿಯ ಲೂಕಾ ಪಾರ್ಮಿಟಾನೊ ಅವರ ಹೆಲ್ಮೆಟ್ಟಿನಲ್ಲಿ ನೀರು ತುಂಬತೊಡಗಿತು. ಸುಮಾರು ಒಂದೂವರೆ ಲೀಟರ್. ಅಲ್ಲಿ ನೀರು ಕೆಳಗೆ ಬೀಳೋದಿಲ್ಲ, ಮುಖಕ್ಕೆ ಅಂಟಿಕೊಂಡು ಕಣ್ಣು, ಮೂಗು ಮುಚ್ಚುತ್ತದೆ. ಬಾಗಿಲಿನವರೆಗೆ ಅವರು ಹೆಚ್ಚುಕಮ್ಮಿ ಕುರುಡಾಗಿ ತಡವರಿಸಿಕೊಂಡು ಬಂದರು. ತನಿಖೆ ಮಾಡಿದಾಗ ಸಿಕ್ಕಿದ ಕಾರಣ, ನೀರು ಬೇರ್ಪಡಿಸುವ ಭಾಗದ ಸಣ್ಣ ತೂತುಗಳಲ್ಲಿ ಸಿಲಿಕಾ ಮತ್ತಿತರ ಕಣಗಳು ಕಟ್ಟಿಕೊಂಡಿದ್ದವು. ಚಂದ್ರನ ದೂಳಲ್ಲಿ ಅತಿ ಹೆಚ್ಚು ಇರೋದು ಸಿಲಿಕೇಟುಗಳೇ. ನಿಲ್ದಾಣದ ಸುತ್ತ ಮಣ್ಣೇ ಇಲ್ಲ, ಅಲ್ಲೇ ಹೀಗಾದರೆ ಮಣ್ಣಿನ ಮಧ್ಯೆ ಮನೆ ಮಾಡುವವರ ಪಾಡೇನು?

ಶ್ವಾಸಕೋಶದ ವಿಷಯದಲ್ಲಿ ನಾನು ಸ್ವಲ್ಪ ಸಮಾಧಾನದಿಂದ ಮಾತಾಡುತ್ತೇನೆ, ಯಾಕೆಂದರೆ ಇದನ್ನೇ ಹಿಡಿದುಕೊಂಡು ಭಯ ಹುಟ್ಟಿಸೋರು ಜಾಸ್ತಿ. ಶ್ಮಿಟ್ ಅವರಿಗೆ ಮೂಗು ಕಟ್ಟಿದ್ದು ನಿಜ, ಒಳಗೆಲ್ಲ ಸುಟ್ಟ ಸಿಡಿಮದ್ದಿನ ವಾಸನೆ ಇತ್ತು ಅಂತ ಹಲವರು ಹೇಳಿದ್ದೂ ನಿಜ. 2018ರಲ್ಲಿ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದವರು ಕೃತಕ ಚಂದ್ರದೂಳನ್ನು ಮನುಷ್ಯರ ಶ್ವಾಸಕೋಶದ ಕೋಶಗಳ ಮೇಲೆ ಹಾಕಿ ನೋಡಿದಾಗ ಕೆಲವು ಬಗೆಯ ಪುಡಿಗೆ ಶೇ 90ರವರೆಗೂ ಕೋಶಗಳು ಸತ್ತವು. ಆದರೆ 2025ರಲ್ಲಿ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಅಂಥದ್ದೇ ಕೃತಕ ದೂಳನ್ನು ಅಲ್ಲಿನ ಗಿಜಿಗುಡುವ ರಸ್ತೆಯೊಂದರ ದೂಳಿನ ಜೊತೆ ಹೋಲಿಸಿ ನೋಡಿದಾಗ ರಸ್ತೆಯ ದೂಳೇ ಜಾಸ್ತಿ ಹಾನಿ ಮಾಡಿತು. ಅಂದರೆ ಉಸಿರಾಡಿದ ತಕ್ಷಣ ಸಾಯುವ ವಿಷವೇನಲ್ಲ. ಹಾಗಂತ ಬಿಟ್ಟುಬಿಡೋಕೂ ಆಗೋದಿಲ್ಲ. ಗುರುತ್ವ ಕಡಿಮೆ ಇರುವಲ್ಲಿ ತೀರಾ ಸಣ್ಣ ಕಣಗಳು ಬೇಗ ಕೆಳಗೆ ಕೂರೋದಿಲ್ಲ, ಶ್ವಾಸಕೋಶದ ಇನ್ನೂ ಒಳಕ್ಕೆ ಹೋಗಿ ನಿಲ್ಲುತ್ತವೆ. ಆರು ತಿಂಗಳ ವಾಸಕ್ಕೆ ನಾಸಾ ಇಟ್ಟುಕೊಂಡಿರುವ ಮಿತಿ ಘನ ಮೀಟರ್ ಗಾಳಿಗೆ 0.3 ಮಿಲಿಗ್ರಾಂ. ಒಂದು ಸಣ್ಣ ಕೋಣೆಯಲ್ಲಿ 20 ಘನ ಮೀಟರ್ ಗಾಳಿ ಇದೆ ಅಂತಿಟ್ಟುಕೊಂಡರೆ ತೇಲುತ್ತಿರುವ ದೂಳು ಒಟ್ಟು 6 ಮಿಲಿಗ್ರಾಂ ದಾಟಬಾರದು. ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ. ಸೂಟು ಒಳಗೆ ತಂದು ಜೋರಾಗಿ ಒಮ್ಮೆ ಕೊಡವಿದರೆ ಲೆಕ್ಕ ಮುಗಿಯಿತು.

ಹಾಗಾದರೆ ಸೂಟನ್ನು ಒಳಗೇ ತರಬೇಡಿ ಅನ್ನೋದು ಒಂದು ಉತ್ತರ, ಕೇಳೋಕೆ ತುಂಬ ಚೆನ್ನಾಗಿದೆ. ಸೂಟ್‌ಪೋರ್ಟ್ ಅಂತಾರೆ. ಸೂಟು ಗೋಡೆಯ ಹೊರಗೇ ನೇತಾಡುತ್ತಿರುತ್ತದೆ, ಅದರ ಬೆನ್ನು ಗೋಡೆಯ ಕಿಂಡಿಗೆ ಸೇರಿಕೊಂಡಿರುತ್ತದೆ, ಒಳಗಿನವರು ಬೆನ್ನಿನ ಬಾಗಿಲು ತೆಗೆದು ಕಾಲು ಮುಂದಾಗಿ ಸೂಟಿನೊಳಕ್ಕೆ ಜಾರಿ, ಹಿಂದೆ ಮುಚ್ಚಿಕೊಂಡು ಹೊರಟುಬಿಡುತ್ತಾರೆ. ನಾಸಾ ಇದನ್ನು ಮರುಭೂಮಿಯಲ್ಲಿ ಗಾಡಿಗೆ ಕಟ್ಟಿ ಪ್ರಯೋಗವನ್ನೂ ಮಾಡಿದೆ. ನನ್ನ ತಕರಾರು ಎರಡು. ಸೂಟಿನ ಬೆನ್ನು ಮತ್ತು ಕಿಂಡಿ ಸೇರುವ ಅಂಚಿನಲ್ಲೇ ದೂಳು ಕೂತರೆ? ಅಪೊಲೊ ಕಲ್ಲಿನ ಪೆಟ್ಟಿಗೆಗೆ ಆದದ್ದೇ ಇಲ್ಲೂ ಆಗಬಹುದು, ಆಗ ಸೋರೋದು ಪೆಟ್ಟಿಗೆಯಲ್ಲ, ಮನೆ. ಎರಡನೆಯದು, ಸೂಟು ಕೆಡುತ್ತದೆ. ಫ್ಯಾನು, ಪಂಪು, ಬೇರಿಂಗು, ಸೀಲು ಇರುವ ಯಂತ್ರ ಅದು, ಬಟ್ಟೆಯಲ್ಲ. ಕೆಟ್ಟಾಗ ಯಾರಾದರೂ ಬರಿಗೈಯಲ್ಲಿ ಅದನ್ನು ಬಿಚ್ಚಿ ನೋಡಲೇಬೇಕು. ದಪ್ಪ ಗವಸು ಹಾಕಿಕೊಂಡು ಹೊರಗೆ ನಿಂತು ಓ-ರಿಂಗ್ (ಸೀಲಿನ ರಬ್ಬರ್ ಉಂಗುರ) ಬದಲಾಯಿಸೋಕೆ ಆಗುತ್ತದಾ? ಹಾಗಾಗಿ ಸೂಟು ಇವತ್ತಲ್ಲ ನಾಳೆ ಒಳಗೆ ಬಂದೇ ಬರುತ್ತದೆ. ಬರುವ ಜಾಗ ಯಾವುದು ಅಂತ ಮೊದಲೇ ತೀರ್ಮಾನಿಸಬೇಕು ಅಷ್ಟೇ.

ನನ್ನ ಪ್ರಕಾರ ಹೊರಗಿಗೂ ಮನೆಗೂ ನಡುವೆ ಒಂದು ಕೊಳೆ ಕೋಣೆ ಬೇಕೇಬೇಕು, ಅದೂ ಏರ್‌ಲಾಕಿನ (ಹೊರಗೆ ಹೋಗಿಬರುವಾಗ ಒತ್ತಡ ಹೊಂದಿಸುವ ಕಿರುಕೋಣೆ) ಮೂಲೆಯಲ್ಲಿ ನಾಲ್ಕಡಿ ಜಾಗವಲ್ಲ, ಎರಡು ಸೂಟು ಬಿಚ್ಚಿ ಹರಡುವಷ್ಟು ಜಾಗ. ಕೆಳಗೆ ಜಾಲರಿ ನೆಲ, ಬಿದ್ದ ದೂಳು ಕೆಳಗಿಳಿದು ಅಲ್ಲೇ ಉಳಿಯಲಿ. ಗಾಳಿ ಮನೆಯಿಂದ ಆ ಕೋಣೆಗೆ ಹರಿಯಬೇಕು, ಆ ಕಡೆಯಿಂದ ಈ ಕಡೆಗೆ ಎಂದೂ ಬರಬಾರದು. ಅದಕ್ಕೆ ಅದರದೇ ಫಿಲ್ಟರು. ಈ ಕೋಣೆಯ ತೂಕ ಎಷ್ಟು, ಫಿಲ್ಟರು ತಿಂಗಳಿಗೆ ಎಷ್ಟು ಬೇಕು ಅನ್ನೋದನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯದಿದ್ದರೆ, ಆಮೇಲೆ ತೂಕ ಉಳಿಸುವ ಮಾತು ಬಂದಾಗ ಮೊದಲು ಕತ್ತರಿ ಬೀಳೋದು ಇಂಥದ್ದಕ್ಕೇ.

ದೂಳು ಬಿಡಿಸುವ ಹೊಸ ಉಪಾಯಗಳೂ ಬಂದಿವೆ, ಅವುಗಳ ಬಗ್ಗೆ ನಿಮ್ಮ ಪತ್ರಿಕೆ ಬರೆದರೆ ಓದೋಕೆ ಮಜಾ ಇರುತ್ತದೆ. ನನಗೆ ಅತಿ ಭರವಸೆ ಹುಟ್ಟಿಸಿದ್ದು ನಾಸಾದ ವಿದ್ಯುತ್ ಪರದೆ. ಮೇಲ್ಮೈಯೊಳಗೆ ತೆಳು ತಂತಿಗಳನ್ನು ಹುದುಗಿಸಿ ಅವುಗಳಲ್ಲಿ ವಿದ್ಯುತ್ತನ್ನು ಅಲೆಯಂತೆ ಬದಲಾಯಿಸುತ್ತಾ ಹೋದರೆ ದೂಳು ತಾನಾಗಿ ಎದ್ದು ಪಕ್ಕಕ್ಕೆ ಸರಿಯುತ್ತದೆ. ಉಜ್ಜೋದೇ ಬೇಡ. 2025ರ ಮಾರ್ಚ್ 2ರಂದು ಚಂದ್ರನ ಮೇಲೆ ಇಳಿದ ಬ್ಲೂ ಘೋಸ್ಟ್ ನೌಕೆಯಲ್ಲಿ ಇದನ್ನು ಅಲ್ಲಿನ ಅಸಲಿ ಮಣ್ಣಿನ ಮೇಲೆಯೇ ಪ್ರಯೋಗ ಮಾಡಿದರು, ಗಾಜಿನ ಮೇಲಿದ್ದ ದೂಳು ಸರಿದುಹೋಯಿತು. ಗಾಜಿಗೆ, ಶಾಖ ಹೊರಹಾಕುವ ಫಲಕಕ್ಕೆ ಇದು ಸರಿ. ಮಡಚುವ, ಬಾಗುವ, ಉಜ್ಜಿಕೊಳ್ಳುವ ಮೊಣಕಾಲಿಗೆ? ಅದಕ್ಕೆ ಕಾವ್ಯಾ ಮಣ್ಯಪು ಅನ್ನುವ ಎಂಜಿನಿಯರ್ ಸೂಟಿನ ಬಟ್ಟೆಯಲ್ಲೇ ಕಾರ್ಬನ್ ನ್ಯಾನೊಟ್ಯೂಬಿನ (ಇಂಗಾಲದ ಅತಿಸೂಕ್ಷ್ಮ ಕೊಳವೆಗಳ) ನೂಲು ಸೇರಿಸಿ ಅದೇ ಕೆಲಸ ಮಾಡಿಸುವ ದಾರಿ ಹುಡುಕಿದ್ದಾರೆ. ನೂಲು ಬಾಗುತ್ತದೆ, ತಂತಿಯಂತೆ ಮುರಿಯೋದಿಲ್ಲ. ಈ ದಾರಿಗೆ ದುಡ್ಡು, ಸಮಯ ಎರಡೂ ಸಿಗಬೇಕು.

ಇನ್ನೊಂದು, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ್ದು. ಗೊಂಬೆಗೆ ಸ್ಪೇಸ್‌ಸೂಟಿನ ಬಟ್ಟೆ ಹಾಕಿ, ದೂಳು ಮೆತ್ತಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸಿಂಪಡಿಸಿದರು. ಬೆಚ್ಚಗಿರುವ ಬಟ್ಟೆಗೆ ತಾಗಿದ ಹನಿ ಥಟ್ಟನೆ ಕುದಿದು ಆವಿಯ ಮೇಲೆ ಜಾರುತ್ತಾ ದೂಳನ್ನು ಹೊತ್ತುಕೊಂಡು ಹೋಗುತ್ತದೆ. ನಿರ್ವಾತದಲ್ಲಿ ಶೇ 98ಕ್ಕಿಂತ ಹೆಚ್ಚು ದೂಳು ಹೋಯಿತು. ಚೆನ್ನಾಗಿದೆ, ಆದರೆ ಆ ನೈಟ್ರೋಜನ್ ಭೂಮಿಯಿಂದಲೇ ಹೋಗಬೇಕು. ಮತ್ತೆ ಉಳಿದ ಶೇ 2 ಯಾವ ಕಣ ಅಂತ ಕೇಳಬೇಕು. ತೂಕಕ್ಕೆ ಹೋಲಿಸಿದರೆ ಅತಿ ಗಟ್ಟಿಯಾಗಿ ಹಿಡಿದುಕೊಳ್ಳೋದು ಅತಿ ಸಣ್ಣ ಕಣ, ಸೀಲಿನೊಳಗೆ ನುಗ್ಗೋದೂ ಅದೇ, ಶ್ವಾಸಕೋಶಕ್ಕೆ ಇಳಿಯೋದೂ ಅದೇ. ಶೇಕಡಾ ಲೆಕ್ಕ ನೋಡಿ ಚಪ್ಪಾಳೆ ತಟ್ಟೋಕೆ ಮೊದಲು ಇದನ್ನು ಗಮನಿಸಬೇಕು ಅಲ್ವಾ?

ಸೂಟಿನ ಮಾತು ಬಂದರೆ ಎಲ್ಲೆಡೆ ಅದರ ಅಂದಚಂದದ್ದೇ ಸುದ್ದಿ. ಆಕ್ಸಿಯಂ ಕಂಪನಿಯ ಹೊಸ ಚಂದ್ರಸೂಟಿಗೆ ಪ್ರಾಡಾ ಜೊತೆಗೂಡಿದ್ದನ್ನು ನಿಮ್ಮವರು ಫ್ಯಾಷನ್ ಸುದ್ದಿ ಅನ್ನುವಂತೆ ಬರೆದರು. ಬಿಳಿ ಬಣ್ಣ ಶಾಖ ತಡೆಯೋಕೆ ಇರೋದು, ಮೇಲೆ ಬೂದು ದೂಳು ಮೆತ್ತಿಕೊಂಡರೆ ಆ ಬಿಳಿ ಬಿಸಿಲನ್ನು ಹೀರತೊಡಗುತ್ತದೆ. ಅಪೊಲೊ ಗಾಡಿಗಳ ಬ್ಯಾಟರಿ ಹೀಗೇ ಬಿಸಿಯಾಗಿತ್ತು, ಬ್ರಷ್ಷಿನಿಂದ ಗುಡಿಸಿದರೂ ಪ್ರಯೋಜನವಾಗಲಿಲ್ಲ. ಹೊಲಿಗೆ ಚೆನ್ನಾಗಿದ್ದರೆ ಸಂತೋಷವೇ. ಆದರೆ ಯಾರ ಹೊಲಿಗೆ ಅನ್ನೋದಕ್ಕಿಂತ, ಮೂವತ್ತನೇ ಸಲ ಹೊರಗೆ ಹೋದಾಗಲೂ ಮಣಿಕಟ್ಟಿನ ಬೇರಿಂಗು ತಿರುಗುತ್ತದಾ ಅನ್ನೋದು ಸುದ್ದಿ.

ಮನೆಯ ಸುತ್ತಲಿನ ನೆಲದ ಬಗ್ಗೆ ಒಂದೇ ಮಾತು. ಚಂದ್ರಯಾನ-3ರ ವಿಕ್ರಮ್ ಇಳಿಯುವಾಗ ಸುಮಾರು 2.06 ಟನ್ ಮಣ್ಣು ಎದ್ದು ಚದುರಿತು ಅಂತ ಇಸ್ರೊ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ, ಅದು ಜನರಿಲ್ಲದ ಸಣ್ಣ ನೌಕೆ. ಅಪೊಲೊ 12 ಇಳಿದಾಗ 150 ಮೀಟರಿಗೂ ಆಚೆ ನಿಂತಿದ್ದ ಸರ್ವೇಯರ್ 3 ಎಂಬ ಹಳೇ ನೌಕೆಯ ಮೈಮೇಲೆ ಮಣ್ಣು ಬಡಿದ ಗುರುತು ಬಿದ್ದಿತ್ತು. ಮನೆ ಹತ್ತಿರ ರಾಕೆಟ್ ಇಳಿಸುವುದಾದರೆ ಮೊದಲು ಗಟ್ಟಿ ನೆಲ ಬೇಕು. ಅಲ್ಲಿನ ಮಣ್ಣನ್ನೇ ಲೇಸರಿನಿಂದ ಕರಗಿಸಿ ಹಾಸುಬಿಲ್ಲೆ ಮಾಡುವ ಪ್ರಯೋಗಗಳು ನಡೆದಿವೆ. ನಡೆದಾಡುವ ದಾರಿಗೂ ಅದನ್ನೇ ಹಾಸಿದರೆ ಬೂಟಿಗೆ ಹತ್ತುವ ದೂಳು ಎಷ್ಟೋ ಕಡಿಮೆಯಾಗುತ್ತದೆ. ಬಾಗಿಲಲ್ಲಿ ತೊಳೆಯೋದಕ್ಕಿಂತ ಹತ್ತದಂತೆ ನೋಡಿಕೊಳ್ಳೋದು ಯಾವತ್ತೂ ಅಗ್ಗ.

ಕೊನೆಯದಾಗಿ ಒಂದು ಕೋರಿಕೆ. ಅಪೊಲೊದವರು ತಂದ ಕಲ್ಲುಮಣ್ಣು ಒಟ್ಟು 382 ಕಿಲೊ, ಚೀನಾದ ಚಾಂಗ್‌ಇ 5 ಮತ್ತು 6 ನೌಕೆಗಳು ತಂದದ್ದು ಎರಡೂ ಸೇರಿ ನಾಲ್ಕು ಕಿಲೊ ಒಳಗೆ. ಅದನ್ನು ಸೂಟಿಗೆ ಮೆತ್ತಿ ಪರೀಕ್ಷಿಸೋಕೆ ಯಾರೂ ಕೊಡೋದಿಲ್ಲ. ಭೂಮಿಯ ಕಲ್ಲು ಅರೆದು ಮಾಡಿದ ಪುಡಿಯಲ್ಲೇ ಪರೀಕ್ಷೆ ನಡೆಯಬೇಕು, ಆ ಪುಡಿಗೆ ಗಾಜಿನ ಕೊಕ್ಕೆಗಳು, ಕಣದ ಮೇಲಿನ ಅತಿಸೂಕ್ಷ್ಮ ಕಬ್ಬಿಣ, ನಿರ್ವಾತದಲ್ಲಿ ಬರುವ ಆವೇಶ ಪೂರ್ತಿ ಬರೋದಿಲ್ಲ. ಹಾಗಾಗಿ ಇನ್ನು ಮುಂದೆ ನಿಮ್ಮ ವರದಿಗಾರರು ಸೂಟು ಮಾಡುವ ಕಂಪನಿಯವರನ್ನೋ ಬಾಹ್ಯಾಕಾಶ ಸಂಸ್ಥೆಯವರನ್ನೋ ಮಾತಾಡಿಸುವಾಗ ಮೂರು ಪ್ರಶ್ನೆ ಕೇಳಲಿ. ಪರೀಕ್ಷೆಗೆ ಬಳಸಿದ ಪುಡಿ ಯಾವುದು? ಅದರಲ್ಲಿ ಎಷ್ಟು ಸಲ ಹೊರಳಾಡಿಸಿದ ಮೇಲೆ ಸೂಟಿನ ಸೋರಿಕೆ ಮಿತಿ ಮುಟ್ಟಿತು? ಆ ಸೀಲನ್ನು ಅಲ್ಲಿ ಬದಲಾಯಿಸುವವರು ಯಾರು, ಯಾವ ಕೋಣೆಯಲ್ಲಿ ಕೂತು? ಉತ್ತರ ಬಂದರೆ ಹಾಗೆಯೇ ಅಚ್ಚು ಹಾಕಿ, ಬರದಿದ್ದರೆ ಬರಲಿಲ್ಲ ಅಂತಲೂ ಹಾಕಿ.

ಇಂತಿ,
ನಿಮ್ಮ ಓದುಗ